ಬಿಡುವಿನ ಮೈ

ದೊಡ್ಡ ಮೇಸ್ತ್ರಿಯ ಶೆಡ್ಡಿನಿಂದ ಕೂಗುವ ಆಕ್ಸಲ್ ಒಂದೂ ಹೊರಗೆ ಹೋದದ್ದಿಲ್ಲ. ಮೂವತ್ತೈದು ವರ್ಷದಲ್ಲಿ ಒಂದೇ ಒಂದೂ ಇಲ್ಲ. ಇದು ಅವರು ತಾವಾಗಿ ಹೇಳಿಕೊಂಡ ಮಾತಲ್ಲ. ಬಾಡಿಗೆ ಗಾಡಿಯವರು, ಮರಳಿನ ಲಾರಿಯವರು, ಬ್ರೆಡ್ಡಿನ ವ್ಯಾನಿನವರು ಒಬ್ಬರ ಬಾಯಿಂದ ಒಬ್ಬರಿಗೆ ದಾಟಿಸಿ ದಾಟಿಸಿ, ಆ ಮಾತು ಶೆಡ್ಡಿನ ಕಲ್ಲುಗೋಡೆಯಷ್ಟೇ ಗಟ್ಟಿಯಾಗಿ ನಿಂತಿತ್ತು.

ಗಾಡಿಯ ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲಿನ ನಡುವೆ ಹೊಟ್ಟೆ ಉಬ್ಬಿದ ಒಂದು ಕಬ್ಬಿಣದ ಗುಂಡು ಇರುತ್ತದಲ್ಲ, ಅದರೊಳಗೆ ಎರಡು ಗೇರುಗಳು ಒಂದನ್ನೊಂದು ಹಿಡಿದು ಕೂತಿರುತ್ತವೆ. ಊಟದ ತಟ್ಟೆಯಷ್ಟು ಅಗಲದ್ದು ಕ್ರೌನ್. ಮುಷ್ಟಿಯಷ್ಟು ದಪ್ಪದ್ದು ಪಿನಿಯನ್. ಎಂಜಿನ್ನಿನ ಬಲವನ್ನು ಪಿನಿಯನ್ ತಂದು ಕ್ರೌನಿಗೆ ಒಪ್ಪಿಸುತ್ತದೆ. ಕ್ರೌನ್ ಅದನ್ನು ಎರಡು ಚಕ್ರಗಳಿಗೂ ಹಂಚುತ್ತದೆ. ಹಲ್ಲಿನ ಮೇಲೆ ಹಲ್ಲು ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಸಾಕು, ಗಾಡಿ ಕೂಗತೊಡಗುತ್ತದೆ. ಸಣ್ಣ ಕೂಗು, ಆದರೆ ಬಿಡದ ಕೂಗು. ದಾರಿಯುದ್ದಕ್ಕೂ ಯಾರೋ ಹಿಂದಿನ ಸೀಟಿನಲ್ಲಿ ಕೂತು ಹಲ್ಲು ಕಚ್ಚಿ ಅಳುತ್ತಿರುವ ಹಾಗೆ.

ಆ ಕೂಗನ್ನು ಮೇಸ್ತ್ರಿ ಕಿವಿಯಿಂದಲೇ ಹಿಡಿಯುತ್ತಿದ್ದರು. ಆಕ್ಸಲ್ ಕಟ್ಟಿ, ಒಂದು ಸುತ್ತು ಓಡಿಸಿ, ಕಣ್ಣು ಮುಚ್ಚಿ ಕೇಳುವರು. ವಾಪಸು ಬಂದು ಬಿಚ್ಚುವರು. ಪಿನಿಯನ್ನಿನ ಹಿಂದೆ ಕೂರುವ ಶಿಮ್ ಎಂಬ ತೆಳು ತಗಡಿನ ಬಳೆಯನ್ನು ಬದಲಿಸುವರು. ಮತ್ತೆ ಕಟ್ಟುವರು, ಮತ್ತೆ ಓಡಿಸುವರು. ಮೂರು ಸಲ, ನಾಲ್ಕು ಸಲ, ಒಮ್ಮೆ ಏಳು ಸಲ. ಕೂಗು ಎಲ್ಲಿ ಅಡಗಿತೋ ಅಲ್ಲಿಗೆ ನಿಲ್ಲಿಸಿ, ಆಕ್ಸಲಿನ ಮೇಲೆ ಅಂಗೈ ಇಟ್ಟು, ತುಟಿಯೊಳಗೇ ಏನೋ ಹೇಳಿಕೊಂಡು ಏಳುವರು. ಏನು ಹೇಳಿಕೊಳ್ಳುತ್ತಾರೆಂದು ಯಾರೂ ಕೇಳಿರಲಿಲ್ಲ. ದೇವರಿಗೆ ಹೇಳಿದ್ದನ್ನು ಮನುಷ್ಯರು ಕೇಳಬಾರದು ಎಂಬಷ್ಟು ಮರ್ಯಾದೆ ಆ ಶೆಡ್ಡಿನಲ್ಲಿತ್ತು.

ಈಗ ಎರಡು ವರ್ಷದಿಂದ ಆ ಕಿವಿ ಮಂದವಾಗುತ್ತ ಬಂದಿತ್ತು. ಮೊದಲು ಬಲಗಿವಿ, ಹಿಂದೆಯೇ ಎಡಗಿವಿ. ಕಿವಿಯೊಳಗಿನ ಸಣ್ಣ ಎಲುಬುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿವೆ, ನರ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದ್ದರು. “ಬೇರಿಂಗ್ ಜಾಮ್ ಆಗಿದೆ, ಶಾಫ್ಟ್ ಸರಿಯಾಗಿದೆ ಅಂತಾರೆ,” ಎಂದು ಮೇಸ್ತ್ರಿ ಮನೆಯಲ್ಲಿ ತಿಳಿಸಿದ್ದರು.

ಅವರಿಗೆ ಒಬ್ಬಳೇ ಮಗಳು. ಎರಡು ವರ್ಷ ತಾಂತ್ರಿಕ ಶಾಲೆಯಲ್ಲಿ ಕಲಿತು, ಹತ್ತು ವರ್ಷದಿಂದ ಅಪ್ಪನ ಜೊತೆಗೇ ಇದ್ದವಳು. ಬ್ರೇಕು, ಕ್ಲಚ್ಚು, ಎಂಜಿನ್ನು ಎಲ್ಲವೂ ಈಗ ಅವಳದೇ. ಬಂದವರು ಅವಳನ್ನು ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜವಾಗಿ. ಆಕ್ಸಲ್ ಮಾತ್ರ ದೊಡ್ಡ ಮೇಸ್ತ್ರಿಯದು. ಅದನ್ನು ಕಲಿಸುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ. “ಕೇಳಿಸ್ತಾ?” ಎಂದು ಕೇಳುತ್ತಿದ್ದರು. ಅವಳಿಗೆ ಕೇಳಿಸುತ್ತಿತ್ತು. ಆದರೆ ಕೇಳಿಸಿದ ಮೇಲೆ ಯಾವ ಶಿಮ್ ತೆಗೆಯಬೇಕು, ಎಷ್ಟು ತೆಗೆಯಬೇಕು ಎಂಬುದು ಅವರ ಕಿವಿಯಿಂದ ನೇರವಾಗಿ ಅವರ ಬೆರಳಿಗೆ ಇಳಿಯುತ್ತಿತ್ತೇ ಹೊರತು, ನಡುವೆ ಎಲ್ಲೂ ಮಾತಾಗುತ್ತಿರಲಿಲ್ಲ.

ಹೆರಿಗೆ ಆಸ್ಪತ್ರೆಯ ವ್ಯಾನು ಸೋಮವಾರ ಬೆಳಗ್ಗೆ ಕೂಗುತ್ತಲೇ ಶೆಡ್ಡಿಗೆ ಬಂತು. ಅದರ ಡ್ರೈವರನನ್ನು ಎಲ್ಲರೂ ನಿಧಾನಯ್ಯ ಎಂದೇ ಕರೆಯುವುದು. ಬಾಣಂತಿ ಮತ್ತು ಕೂಸನ್ನು ಕೂರಿಸಿಕೊಂಡು ಗುಡ್ಡದ ಮೇಲಿನ ಹಳ್ಳಿಗಳಿಗೆ ಬಿಟ್ಟು ಬರುವವನು. ಅವನ ವ್ಯಾನನ್ನು ಸೈಕಲ್ಲಿನವರು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು.

“ಅಲ್ಲಿ ನರ್ಸಮ್ಮ ಹಾಡು ಹೇಳಿ ಮಲಗಿಸಿ ಕಳಿಸ್ತಾರೆ, ಇಲ್ಲಿ ನನ್ನ ಗಾಡಿ ಎಬ್ಬಿಸಿ ಕೂರಿಸುತ್ತೆ,” ಎಂದ ಅವನು. “ತಾಯಂದಿರು ನನ್ನನ್ನೇ ಬೈತಾರೆ. ನಾನೇ ಕೂಗ್ತಿದ್ದೀನೇನೋ ಅನ್ನೋ ಹಾಗೆ.”

ಬಿಚ್ಚಿ ನೋಡಿದರೆ, ಸೀಲಿನಿಂದ ಎಣ್ಣೆ ಸೋರಿ, ಪಿನಿಯನ್ನಿನ ಮೂರು ಹಲ್ಲುಗಳ ಅಂಚು ಉದುರಿತ್ತು. ಆ ಮಾದರಿಯ ವ್ಯಾನು ತಯಾರಾಗುವುದು ನಿಂತು ಎಷ್ಟೋ ವರ್ಷವಾಗಿ, ಹೊಸ ಜೋಡಿ ಎಲ್ಲೂ ಸಿಗುತ್ತಿರಲಿಲ್ಲ. ಗುಜರಿಯಲ್ಲಿ ಅದೇ ಮಾದರಿಯ ಒಂದು ವ್ಯಾನು, ಮೈ ಜಜ್ಜಿಹೋಗಿ, ಹಿಂಭಾಗ ಮಾತ್ರ ಉಳಿದು ಬಿದ್ದಿದೆ ಎಂದು ತಿಳಿಯಿತು.

ಮೇಸ್ತ್ರಿ ಕೈ ಒರೆಸಿಕೊಂಡು, ಮಗಳ ಕಡೆ ತಿರುಗಿದರು. “ಪುಟ್ಟಿ, ಇದನ್ನ ನೀನೇ ಮಾಡು. ನಾನು ಕೈ ಹಾಕಲ್ಲ. ಆಯ್ತು ಅಂದ್ರೆ ಆಯ್ತು. ಇಲ್ಲಾಂದ್ರೆ ಇದೇ ಕೊನೇ ಆಕ್ಸಲ್. ಇನ್ನು ಮೇಲೆ ಶೆಡ್ಡಲ್ಲಿ ಆಕ್ಸಲ್ ಕೆಲಸ ಬೇಡ.”

“ಯಾಕಪ್ಪಾ ಹಾಗಂತೀರಿ?”

ಅವಳ ತುಟಿ ಓದಿ ಅವರು ಹೇಳಿದರು: “ಕಿವಿ ಇಲ್ಲದೋನು ಆಕ್ಸಲ್ ಕಟ್ಟಿ ಕಳಿಸೋದು, ಉಪ್ಪು ನೋಡದೆ ಬಡಿಸೋ ಹಾಗೆ. ಅವರು ಉಣ್ಣುತ್ತಾರೆ, ಮರ್ಯಾದೆಗೆ ಏನೂ ಹೇಳಲ್ಲ. ಆ ಮರ್ಯಾದೆ ನನಗೆ ಬೇಡ.”

ಬ್ರೇಕು ಕ್ಲಚ್ಚು ಮಾಡುವ ಶೆಡ್ಡುಗಳು ಆ ರಸ್ತೆಯಲ್ಲೇ ಆಗಲೇ ಆರು ಇದ್ದವು. ಆಕ್ಸಲ್ ಹೋದರೆ ಇದೂ ಏಳನೆಯದಾಗುತ್ತದೆ. ಅಪ್ಪ ಗೋಡೆಗೆ ಒರಗಿ ಕೂರುತ್ತಾರೆ. ಹತ್ತು ವರ್ಷ ಅವಳು ಕಾದಿದ್ದು ಬ್ರೇಕು ಕ್ಲಚ್ಚಿಗಾಗಿ ಅಲ್ಲ.

ಬುಧವಾರ ಗುಜರಿಗೆ ಹೋಗಿ, ಜಜ್ಜಿದ ವ್ಯಾನಿನ ಕೆಳಗೆ ಮಲಗಿ, ಜೋಡಿಯನ್ನು ತಾನೇ ಬಿಚ್ಚಿಕೊಂಡು ಬಂದಳು. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೊತೆಯಾಗಿ ಹುಟ್ಟಿದವು. ಒಂದೇ ನಂಬರನ್ನು ಎರಡರ ಮೈಮೇಲೂ ಕೊರೆದಿರುತ್ತಾರೆ. ಇವೆರಡರದೂ ನಲವತ್ತೇಳು. ಅದನ್ನು ನೋಡಿಕೊಂಡೇ ಗುಜರಿಯವನಿಗೆ ಆಗಲಿ ಎಂದದ್ದು. ಹಳೇ ಸೀರೆಯ ತುಂಡಿನಲ್ಲಿ ಬೇರೆ ಬೇರೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

“ಕೂಸು ಎತ್ಕೊಂಡು ಬಂದ ಹಾಗೆ ಬಂದಿದ್ದಾಳೆ ನೋಡಿ,” ಎಂದು ಅಮ್ಮ ಬಾಗಿಲಲ್ಲೇ ನಕ್ಕಳು. “ನೆಂಟರಿಗೆಲ್ಲ ಹೇಳಿ ಕಳಿಸಲಾ, ಹೆಣ್ಣಾ ಗಂಡಾ ಅಂತ?”

“ಅವಳಿ ಅಮ್ಮ,” ಎಂದಳು ಮಗಳು.

ಮೇಸ್ತ್ರಿ ಎರಡನ್ನೂ ಬಿಡಿಸಿ, ಒಂದೊಂದು ಹಲ್ಲಿನ ಮೇಲೂ ಹೆಬ್ಬೆರಳು ಆಡಿಸಿದರು. ಎಲ್ಲೂ ಉದುರಿಲ್ಲ, ಬಿರುಕಿಲ್ಲ. ತಲೆಯಾಡಿಸಿ, ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂತು, ಯಾವುದೋ ಹಳೇ ಕಾರ್ಬೊರೇಟರ್ ಉಜ್ಜತೊಡಗಿದರು. ಆ ಬೆನ್ನು ಗುರುವಾರ ಸಂಜೆಯ ತನಕ ತಿರುಗಲಿಲ್ಲ.

ಅವಳು ಪುಸ್ತಕ ತೆರೆದು ಕೂತಳು. ಆ ವ್ಯಾನಿನ ಕಂಪನಿ ಬರೆದ ಪುಸ್ತಕ, ಎಣ್ಣೆಗೈ ಮುಟ್ಟಿ ಮುಟ್ಟಿ ಅಂಚು ಕಪ್ಪಾಗಿದ್ದದ್ದು. ಹಲ್ಲಿಗೂ ಹಲ್ಲಿಗೂ ನಡುವೆ ಬಿಡಬೇಕಾದ ಸಡಿಲ ಎಷ್ಟು ಎಂದು ಅದರಲ್ಲಿ ಬರೆದಿತ್ತು: ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಹದಿನೈದರಿಂದ ಇಪ್ಪತ್ತು. ಹೊಸ ಬೇರಿಂಗ್ ಹಾಕಿ, ಪಿನಿಯನ್ ಕೂರಿಸಿ, ಕ್ರೌನ್ ಕೂರಿಸಿ, ಅಳತೆಯ ಗಡಿಯಾರದ ಮುಳ್ಳನ್ನು ಹಲ್ಲಿಗೆ ತಾಗಿಸಿ, ಸರಿಯಾಗಿ ಹದಿನೇಳಕ್ಕೆ ನಿಲ್ಲಿಸಿದಳು. ಹಲ್ಲುಗಳಿಗೆ ಹಳದಿ ಬಣ್ಣ ಬಳಿದು ತಿರುಗಿಸಿ ನೋಡಿದಳು. ಗಾಡಿ ಎಳೆಯುವಾಗ ಭಾರ ಹೊರುವ ಮೈಯಲ್ಲಿ ಗುರುತು ನಡುಮಧ್ಯೆ ಮೂಡಿತ್ತು, ಚಿತ್ರ ಬರೆದ ಹೂವಿನ ಎಸಳಿನಂತೆ. ಪುಸ್ತಕದಲ್ಲಿದ್ದ ಚಿತ್ರವೂ ಹಾಗೆಯೇ ಇತ್ತು. ಅದನ್ನು ನೋಡಿ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಮುಚ್ಚಳ ಹಾಕುವ ಮೊದಲು ಅಪ್ಪನನ್ನು ಕರೆದು ತೋರಿಸಬೇಕೆನಿಸಿತು. ಬೆನ್ನು ನೋಡಿ ಕರೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಅಪ್ಪ ಮಗಳು ಇಬ್ಬರೇ ವ್ಯಾನು ತೆಗೆದುಕೊಂಡು ಹೊರಟರು. ಊರು ದಾಟಿ, ಏರು ಹತ್ತುವಾಗ ಆಕ್ಸಲ್ ಮೌನವಾಗಿತ್ತು. ಅವಳ ಎದೆ ತುಂಬಿ ಬಂತು. ಏರಿನ ತುದಿ ದಾಟಿ ಇಳಿಜಾರು ಶುರುವಾಯಿತು. ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿದಳು.

ಕೂಗಿತು.

ಮೊದಲಿನಷ್ಟು ದೊಡ್ಡದಲ್ಲ. ತೆಳ್ಳಗೆ, ದೂರದಲ್ಲಿ ಗರಗಸ ಎಳೆದ ಹಾಗೆ. ಕಾಲು ಒತ್ತಿದರೆ ನಿಲ್ಲುತ್ತಿತ್ತು, ಎತ್ತಿದರೆ ಬರುತ್ತಿತ್ತು.

ಪಕ್ಕದಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಅವರಿಗೆ ಕೇಳಿಸದು. ನಿಧಾನಯ್ಯನಿಗೆ ಕೇಳಿಸಿದರೂ, ಮೊದಲಿದ್ದ ಅರಚಾಟದ ಮುಂದೆ ಇದು ಜೋಗುಳ ಎಂದಾನು. ಇಡೀ ಲೋಕದಲ್ಲಿ ಈ ಕೂಗನ್ನು ಕೂಗು ಎನ್ನಬಹುದಾದವರು ಇಬ್ಬರೇ. ಒಬ್ಬರಿಗೆ ಕಿವಿ ಇಲ್ಲ. ಇನ್ನೊಬ್ಬಳು ಬಾಯಿ ಮುಚ್ಚಿಕೊಂಡರೆ ಆಯಿತು. ಆಕ್ಸಲ್ ಕೆಲಸ ಶೆಡ್ಡಿನಲ್ಲೇ ಉಳಿಯುತ್ತದೆ.

ಮನುಷ್ಯನ ಮನಸ್ಸು ಎಂಥದೆಂದರೆ, ಈ ಲೆಕ್ಕ ಹಾಕಲು ಅವಳಿಗೆ ಇಳಿಜಾರಿನ ಅರ್ಧದಷ್ಟು ಹೊತ್ತೂ ಬೇಕಾಗಲಿಲ್ಲ. ಉಳಿದರ್ಧ ಇಳಿಜಾರಿನಲ್ಲಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಅಪ್ಪನಿಗೆ ತುಟಿ ಕಾಣುವ ಹಾಗೆ ತಿರುಗಿ ಕೂತಳು.

“ಕೂಗ್ತಿದೆ ಅಪ್ಪ.”

ಮೇಸ್ತ್ರಿ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇಳಿದು, ಸಾಮಾನಿನ ಡಬ್ಬಿಯಿಂದ ಮರದ ಹಿಡಿಯ ಉದ್ದನೆಯ ಸ್ಕ್ರೂ ಡ್ರೈವರ್ ತೆಗೆದುಕೊಂಡು, ಹಿಂದಿನ ಬಾಗಿಲಿಂದ ಹತ್ತಿದರು. ಆಕ್ಸಲಿನ ಮೇಲಿನ ಜಾಗದಲ್ಲಿ ನೆಲಕ್ಕೆ ಕೂತು, ಸ್ಕ್ರೂ ಡ್ರೈವರಿನ ತುದಿಯನ್ನು ನೆಲದ ತಗಡಿನ ಬೋಲ್ಟಿಗೆ ಒತ್ತಿ, ಹಿಡಿಗೆ ಕರವಸ್ತ್ರ ಸುತ್ತಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಓಡಿಸು ಎಂದು ಕೈಸನ್ನೆ ಮಾಡಿದರು.

ಕಿವಿಯ ಬಾಗಿಲು ಮುಚ್ಚಿದವರಿಗೆ ಹಲ್ಲಿನ ಎಲುಬಿನ ಹಿತ್ತಿಲ ಬಾಗಿಲೊಂದು ತೆರೆದಿರುತ್ತದೆ ಎಂದು ಅವರು ಯಾವಾಗ ಕಂಡುಕೊಂಡರೋ, ಮನೆಯಲ್ಲಿ ಹೇಳಿರಲಿಲ್ಲ. ಅವಳು ಕನ್ನಡಿಯಲ್ಲಿ ನೋಡುತ್ತ ನಿಧಾನವಾಗಿ ಓಡಿಸಿದಳು. ಇಳಿಜಾರಿನಲ್ಲಿ ಕಾಲೆತ್ತಿದಾಗ ಅವರ ಹುಬ್ಬು ಗಂಟಾಯಿತು.

“ಕಾಲು ಎತ್ತಿದಾಗ,” ಎಂದರು, ಹಿಡಿ ಬಾಯಿಂದ ತೆಗೆದು.

“ಹೌದು,” ಎಂದಳು, ವ್ಯಾನು ನಿಲ್ಲಿಸಿ ಅವರ ಕಡೆ ತಿರುಗಿ.

“ಕೂಗೋದಷ್ಟೇ ಗೊತ್ತಾಗುತ್ತೆ ಇದರಲ್ಲಿ. ಎಲ್ಲಿ, ಎಷ್ಟು ಅಂತ ಗೊತ್ತಾಗಲ್ಲ.” ಅವರು ಕರವಸ್ತ್ರ ಬಿಚ್ಚಿ ಮಡಿಸಿದರು. “ಹಳೇ ಜೋಡಿನ ನಾನು ನಾಲ್ಕು ಸಲ ಬಿಚ್ಚಿ ಕಟ್ಟುತ್ತಿದ್ದೆ. ನಾಳೆ ಹತ್ತು ಗಂಟೆಗೆ ನಿಧಾನಯ್ಯ ಬರ್ತಾನೆ, ಬಾಣಂತಿಯರು ಕಾಯ್ತಿದ್ದಾರೆ. ಒಂದು ಸಲ ಬಿಚ್ಚೋಷ್ಟು ಹೊತ್ತಿದೆ. ಅಷ್ಟೇ.”

“ಒಂದು ಸಲ ಬಿಚ್ಚುತ್ತೀನಿ.”

“ಏನು ಅಂತ ಬಿಚ್ಚುತ್ತೀಯ? ಕತ್ತಲೆ ಕೋಣೆಲಿ ಕೈಯಾಡಿಸಿದ ಹಾಗಾಗುತ್ತೆ.”

“ನೋಡಿ ಬಿಚ್ಚುತ್ತೀನಿ ಅಪ್ಪ.”

ಮನೆಗೆ ಬಂದಾಗ ಅಮ್ಮ ಅಪ್ಪನ ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನೂ, ಅದರ ಹಿಡಿಯ ಮೇಲಿನ ಹಲ್ಲಿನ ಗುರುತನ್ನೂ ನೋಡಿದಳು. “ಕಿವಿ ಹೋಯ್ತು. ಈಗ ಇರೋ ನಾಲ್ಕು ಹಲ್ಲೂ ಕಳ್ಕೊಳ್ಳಿ. ಆಮೇಲೆ ಮೂಗಲ್ಲಿ ಕೇಳೋರಂತೆ,” ಎಂದಳು. ಮೇಸ್ತ್ರಿಗೆ ಇದು ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದರೋ, ಒಳಗೆ ಹೋಗಿ ಮಲಗಿದರು.

ಮಗಳು ಆಕ್ಸಲ್ ಬಿಚ್ಚಿ, ಎರಡು ಗೇರುಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಶೆಡ್ಡಿನ ಹೊರಗೆ ಬಿಸಿಲಿಗೆ ತಂದಳು. ಕ್ರೌನನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು. ಕೈಯಲ್ಲಿ ಪಾನಾ ಹಿಡಿಯದೆ ಇಷ್ಟು ಹೊತ್ತು ಅವಳು ಶೆಡ್ಡಿನಲ್ಲಿ ಕೂತದ್ದಿಲ್ಲ.

ಒಂದೊಂದು ಹಲ್ಲಿಗೂ ಎರಡು ಮೈ. ಗಾಡಿ ಎಳೆಯುವಾಗ ಭಾರ ಹೊರುವುದು ಒಂದು ಮೈ. ಕಾಲು ಎತ್ತಿದಾಗ, ಗಾಡಿ ತನ್ನ ಓಟದಲ್ಲೇ ಇಳಿಯುವಾಗ, ತಾಗುವುದು ಇನ್ನೊಂದು ಮೈ. ಅಪ್ಪ ಅದನ್ನು ಬಿಡುವಿನ ಮೈ ಎನ್ನುತ್ತಿದ್ದರು. ಕೂಗಿದ್ದು ಕಾಲೆತ್ತಿದಾಗ. ಹಾಗಾದರೆ ನೋಡಬೇಕಾದದ್ದು ಬಿಡುವಿನ ಮೈಯನ್ನು. ಅವಳು ಬಣ್ಣ ನೋಡಿ ಮೆಚ್ಚಿಕೊಂಡದ್ದು ಎಳೆಯುವ ಮೈಯನ್ನು.

ಬಿಸಿಲಿಗೆ ಓರೆಯಾಗಿ ಹಿಡಿದಳು. ಎಳೆಯುವ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಗುರು ಆಡಿಸಿದರೆ ಜಾರುತ್ತಿತ್ತು. ಎಷ್ಟೋ ವರ್ಷ, ಎಷ್ಟೋ ಏರು, ಎಷ್ಟೋ ಹೊರೆ ಅದರ ಮೇಲೆ ಹಾದು, ಸಾವಿರ ಪಾದ ತುಳಿದ ಕಲ್ಲಿನ ಮೆಟ್ಟಿಲಿನಂತೆ ನಡುವೆ ಸವೆದು, ತನ್ನ ಆಕಾರವನ್ನೇ ಮರೆತಿತ್ತು. ಅದರ ಮೇಲೆ ಬಣ್ಣ ಚೆನ್ನಾಗಿ ಮೂಡಿದ್ದು ಅದು ಸರಿಯಾಗಿ ಕೂತಿದೆ ಎಂದಲ್ಲ. ಸವೆದ ಗುಂಡಿಯಲ್ಲಿ ಬಣ್ಣ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತ್ತು, ಅಷ್ಟೇ.

ಕ್ರೌನನ್ನು ತಿರುಗಿಸಿ ಬಿಡುವಿನ ಮೈ ನೋಡಿದಳು. ಅಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು. ಉಗುರಿಗೆ ತಾಗಿ ಸರಸರ ಎಂದವು. ಕಾರ್ಖಾನೆಯಲ್ಲಿ ಈ ಹಲ್ಲನ್ನು ಕೊರೆದ ಅಲಗಿನ ಗೆರೆಗಳು, ಹುಟ್ಟಿದ ದಿನದವು, ಇನ್ನೂ ಹಾಗೆಯೇ ಉಳಿದಿದ್ದವು. ಭಾರ ಹೊರದ ಆ ಮೈಗೆ ತಾನು ಯಾರೆಂಬುದು ನೆನಪಿತ್ತು.

ಅವಳು ಎದ್ದಳು. ಸಡಗರವಿರಲಿಲ್ಲ. ಒಂದು ಹೆಜ್ಜೆಯಾದ ಮೇಲೆ ಇನ್ನೊಂದು ಹೆಜ್ಜೆ ಎಲ್ಲಿಡಬೇಕೆಂದು ಕಾಣುತ್ತಿತ್ತು. ಎರಡು ಗೇರುಗಳನ್ನೂ ಸುಮ್ಮನೆ ಕೂರಿಸಿ, ಈ ಸಲ ಬಿಡುವಿನ ಮೈಗೆ ಮಾತ್ರ ಬಣ್ಣ ಬಳಿದಳು. ತಿರುಗಿಸಿದಳು. ಗುರುತು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ ತೀರಾ ಒಳಗೆ ಬಂದು ಕೂತಿದೆ ಎಂದು ಅದರ ಅರ್ಥ. ಬೇರಿಂಗ್ ಕಳಚಿ, ಪಿನಿಯನ್ನಿನ ಹಿಂದಿನ ಒಂದು ಶಿಮ್ ತೆಗೆದಳು. ಮತ್ತೆ ಬಣ್ಣ. ಗುರುತು ಮೇಲೆ ಬಂತು, ಸಾಲದು. ಇನ್ನೊಂದು ತೆಳು ಶಿಮ್ ತೆಗೆದಳು. ಈಗ ಗುರುತು ಹಲ್ಲಿನ ನಡುವೆ ನಿಂತಿತು. ಗೆರೆಗಳ ಮೇಲೆ ಹಳದಿ, ಗೆರೆಗಳ ಹಾಗೆಯೇ ಸಮವಾಗಿ.

ಎಳೆಯುವ ಮೈ ನೋಡಿದಳು. ಅಲ್ಲಿ ಗುರುತು ಅಂದಗೆಟ್ಟು ಒಂದು ಕಡೆಗೆ ಚೆಲ್ಲಿಕೊಂಡಿತ್ತು, ಹೊಳೆಯುವ ಪಟ್ಟಿ ಇದ್ದಲ್ಲಿಗೇ ಸರಿಯಾಗಿ. ಇದು ಅವುಗಳ ಹಳೇ ಜಾಗ. ಇಷ್ಟು ವರ್ಷ ಕೂಡಿ ಬಾಳಿದ ಜಾಗ.

ಅಳತೆಯ ಗಡಿಯಾರ ತಾಗಿಸಿ ಸಡಿಲ ನೋಡಿದಳು. ಇಪ್ಪತ್ತೆಂಟು.

ಪುಸ್ತಕ ಇಪ್ಪತ್ತಕ್ಕಿಂತ ಮೇಲೆ ಬೇಡ ಎನ್ನುತ್ತಿತ್ತು. ಕ್ರೌನನ್ನು ಒಂದಿಷ್ಟು ಹತ್ತಿರ ತಳ್ಳಿದರೆ ಹತ್ತೊಂಬತ್ತಕ್ಕೆ ತರಬಹುದಿತ್ತು. ತಳ್ಳಿ ನೋಡಿದಳು ಕೂಡ. ಬಿಡುವಿನ ಮೈಯ ಗುರುತು ಕೂಡಲೇ ಜಾಗ ಬಿಟ್ಟು ಸರಿಯಿತು. ಹಿಂದಕ್ಕೆ ತಂದಳು. ಮತ್ತೆ ಇಪ್ಪತ್ತೆಂಟು. ಪುಸ್ತಕವನ್ನೂ ಹಲ್ಲನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಆ ಪುಸ್ತಕ ಬರೆದವರು ಸುಳ್ಳು ಬರೆದವರಲ್ಲ. ಅವರು ಹೊಸ ಹಲ್ಲುಗಳಿಗೆ ಬರೆದಿದ್ದರು. ಈ ಹಲ್ಲುಗಳು ಅದಾದ ಮೇಲೆ ಎಷ್ಟು ದಾರಿ ನಡೆದವೋ, ಅವರಿಗೇನು ಗೊತ್ತು? ಸವೆದದ್ದು ಸವೆದ ಜಾಗದಲ್ಲಿ ಸಡಿಲ ಬಿಟ್ಟಿರುತ್ತದೆ. ಆ ಸಡಿಲವನ್ನು ಬಿಗಿ ಮಾಡಹೊರಟರೆ ಅದು ಕೂಗದೆ ಇನ್ನೇನು ಮಾಡೀತು.

ಮುಚ್ಚಳ ಹಾಕುವ ಮೊದಲು ಅವಳು ಆಕ್ಸಲಿನ ಮೇಲೆ ಅಂಗೈ ಇಟ್ಟಳು. ಅಪ್ಪ ಹೇಳಿಕೊಳ್ಳುತ್ತಿದ್ದದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲವಾದ್ದರಿಂದ ತನಗೆ ತೋಚಿದ್ದನ್ನೇ ಹೇಳಿಕೊಂಡಳು: ದೇವರೇ, ನನ್ನ ಕೈ ತಪ್ಪಿದ್ದರೆ ನಾಳೆಯೇ ತೋರಿಸು, ಮುಚ್ಚಿಡಬೇಡ.

ಬೋಲ್ಟು ಬಿಗಿಯುವಾಗ ಹಿಂದೆ ಅಪ್ಪ ಬಂದು ನಿಂತಿದ್ದರು. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಅಂಕಿಯನ್ನು ನೋಡಿದರು.

“ಪುಸ್ತಕ ಏನನ್ನುತ್ತೆ?”

“ಹದಿನೈದರಿಂದ ಇಪ್ಪತ್ತು.”

“ನೀನು ಎಷ್ಟಿಟ್ಟೆ?”

“ಇಪ್ಪತ್ತೆಂಟು.”

“ಹೆದರಿಕೆ ಆಗಲಿಲ್ವಾ?”

“ಆಯ್ತು.”

“ಆಗಬೇಕು,” ಎಂದು ಮೇಸ್ತ್ರಿ ಹೊರಗೆ ಹೋದರು.

ಶನಿವಾರ ಹತ್ತಕ್ಕೆ ನಿಧಾನಯ್ಯ ಬಂದ. ಅವನೇ ಓಡಿಸಬೇಕೆಂದು ಅವಳು ಹೇಳಿದಳು. ಅವಳು ಅವನ ಪಕ್ಕದಲ್ಲಿ ಕೂತಳು. ಮೇಸ್ತ್ರಿ ಹಿಂದೆ ನೆಲದ ಮೇಲೆ, ಸ್ಕ್ರೂ ಡ್ರೈವರಿನ ಹಿಡಿ ಕಚ್ಚಿಕೊಂಡು.

“ಇದೇನು ಮೇಸ್ತ್ರಿ ಹೀಗೆ ಕೂತಿದ್ದಾರೆ?” ಎಂದ ನಿಧಾನಯ್ಯ, ಕನ್ನಡಿಯಲ್ಲಿ ನೋಡಿ.

“ಅವರು ಕೇಳ್ತಿದ್ದಾರೆ ಅಣ್ಣ. ನೀವು ಓಡಿಸಿ.”

“ಹಲ್ಲಲ್ಲಾ?”

“ಹಲ್ಲಿನ ಕೆಲಸ ಹಲ್ಲಲ್ಲೇ ಕೇಳಬೇಕಲ್ಲ.”

ಅವನು ಅವನ ರೀತಿಯಲ್ಲೇ ಓಡಿಸಿದ. ವ್ಯಾನು ಏರು ಹತ್ತಿತು. ಒಂದು ಮೇಕೆ ಮರಿ ರಸ್ತೆ ದಾಟುವ ತನಕ ನಿಂತು ಕಾದಿತು. ಏರಿನ ತುದಿಯಲ್ಲಿ ಅವಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು. “ಈಗ ಕಾಲೆತ್ತಿ ಅಣ್ಣ.”

ಅವನು ಕಾಲೆತ್ತಿದ. ವ್ಯಾನು ಇಳಿಯತೊಡಗಿತು.

ಅವಳು ಕಿವಿಗೊಟ್ಟು ಕೇಳಿದಳು. ಗಾಳಿ. ಟೈರು ರಸ್ತೆಗೆ ಉಜ್ಜುವ ಸದ್ದು. ಎಲ್ಲಿಯೋ ಗಾಜು ಕಟಕಟ. ಮತ್ತೇನೂ ಇಲ್ಲ. ಇಳಿಜಾರು ಮುಗಿಯುವ ತನಕ ಕಾದಳು. ಮತ್ತೇನೂ ಇಲ್ಲ.

“ಅಯ್ಯೋ,” ಎಂದ ನಿಧಾನಯ್ಯ, ಕತ್ತು ಆ ಕಡೆ ಈ ಕಡೆ ತಿರುಗಿಸುತ್ತ. “ಇದೇನು ಕಟಕಟ ಅನ್ನೋದು? ಈ ಬಾಗಿಲಾ? ಇದು ಯಾವಾಗಿಂದ ಹೀಗೆ? ನೋಡಿ ತಂಗಿ, ನನ್ನ ಗಾಡೀಲಿ ಇಷ್ಟೆಲ್ಲ ಸಾಮಾನು ಅಲ್ಲಾಡುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು.”

“ಅದು ಬೇರೆ ಕೆಲಸ,” ಎಂದಳು ಅವಳು. ನಗು ಬಂದು ಮಾತು ಅಲ್ಲಿಗೇ ನಿಂತಿತು.

ಹಿಂದಿನಿಂದ ಸನ್ನೆಯಾಯಿತು: ಇನ್ನೊಮ್ಮೆ. ನಿಧಾನಯ್ಯ ತಿರುಗಿಸಿ ಮತ್ತೆ ಹತ್ತಿಸಿದ, ಮತ್ತೆ ಇಳಿಸಿದ. ಮೇಸ್ತ್ರಿ ಮೂರನೆಯ ಸಲವೂ ಕೇಳಿದರು. ಆಮೇಲೆ ಹಿಡಿಯನ್ನು ಬಾಯಿಂದ ತೆಗೆದು, ಒರೆಸಿ, ಬೋಲ್ಟಿನ ಮೇಲೆ ಅಂಗೈ ಇಟ್ಟು ಕೂತರು. ಶೆಡ್ಡು ಬರುವ ತನಕ ಹಾಗೆಯೇ ಇದ್ದರು.

ಇಳಿದ ಮೇಲೆ ಅವರು ಮಗಳನ್ನು ಬೆಂಚಿನ ಬಳಿಗೆ ಕರೆದರು. “ಎಲ್ಲಿ ನೋಡಿದೆ? ತೋರಿಸು.”

ವ್ಯಾನಿನ ಹಳೇ ಕ್ರೌನ್ ಬೆಂಚಿನ ಕೆಳಗೇ ಬಿದ್ದಿತ್ತು. ಅವಳು ಅದನ್ನೆತ್ತಿ ಒರೆಸಿ, ಬೆಳಕಿಗೆ ಹಿಡಿದು, ಎಳೆಯುವ ಮೈಯ ಹೊಳಪನ್ನೂ ಬಿಡುವಿನ ಮೈಯ ಗೆರೆಗಳನ್ನೂ ತೋರಿಸಿದಳು. ಅವರ ಬೆರಳು ಹಿಡಿದು ಆ ಗೆರೆಗಳ ಮೇಲೆ ಆಡಿಸಿದಳು. ಬಣ್ಣ ಮೊದಲು ಇಲ್ಲಿ ನೋಡಬೇಕು, ಹಳೇ ಜೋಡಿಯಾದರೆ ಇಲ್ಲೇ ನೋಡಬೇಕು, ಸಡಿಲ ಎಷ್ಟು ಬರುತ್ತದೋ ಬರಲಿ ಎಂದು ನಿಧಾನವಾಗಿ, ತುಟಿ ಕಾಣುವ ಹಾಗೆ ಹೇಳಿದಳು.

ಮೇಸ್ತ್ರಿಯ ಉಗುರು ಆ ಗೆರೆಗಳ ಮೇಲೆ ಬಹಳ ಹೊತ್ತು ಓಡಾಡಿತು. ಮೂವತ್ತೈದು ವರ್ಷದಲ್ಲಿ ಎಷ್ಟು ಹಲ್ಲುಗಳ ಮೇಲೆ ಆಡಿದ ಬೆರಳು ಅದು. ಉದುರಿದೆಯೇ, ಬಿರುಕಿದೆಯೇ ಎಂದು ನೋಡಿತ್ತು, ಇದನ್ನು ನೋಡಿರಲಿಲ್ಲ.

“ಹೌದಲ್ಲೇ,” ಎಂದರು ಕೊನೆಗೆ. “ನಾನು ನಾಲ್ಕು ಸಲ ಬಿಚ್ಚಿ, ಕಿವೀಲಿ ತಡಕಿ ತಡಕಿ ಕೊನೆಗೆ ನಿಲ್ತಿದ್ದ ಜಾಗ ಇದೇ. ಯಾಕೆ ನಿಲ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ನೀನು ಕಣ್ಣಲ್ಲಿ ನೋಡಿ ಒಂದೇ ಸಲಕ್ಕೆ ಹೋಗಿ ನಿಂತೆ.”

“ಎರಡು ಸಲ ಅಪ್ಪ. ಮೊದಲನೇದು ಕೂಗ್ತಲ್ಲ.”

“ಅದನ್ನ ಯಾರು ಹೇಳಿದ್ದು? ನನಗೆ ಕೇಳಿಸ್ತಾ?” ಎಂದರು ಮೇಸ್ತ್ರಿ. ಆ ಮಾತು ಹೇಳುವಾಗ ಅವರ ದನಿ ಸ್ವಲ್ಪ ದೊಡ್ಡದಾಗಿಯೇ ಹೊರಟಿತು. ಕೇಳಿಸದವರ ದನಿಗೆ ಅಂಕೆ ಇರುವುದಿಲ್ಲ. ಒಳಗೆ ಅಮ್ಮನಿಗೂ, ರಸ್ತೆಯಾಚೆಯ ಟೈರಿನ ಅಂಗಡಿಯವನಿಗೂ ಕೇಳಿಸಿತು. “ಅದೇ ದೊಡ್ಡದು ಮಗಳೇ. ಹಲ್ಲು ನೋಡೋದನ್ನ ಯಾರಾದರೂ ಕಲೀತಾರೆ.”

ನಿಧಾನಯ್ಯ ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಕಟಕಟ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಿದ್ದವನು ಅಲ್ಲಿಗೆ ಬಂದ. ಮೇಸ್ತ್ರಿಯ ಕಿವಿಯ ಬಳಿ ಬಗ್ಗಿ, ಸಂತೆಯಲ್ಲಿ ಕೂಗಿದಂತೆ ಕೂಗಿದ: “ಮೇಸ್ತ್ರೀ, ಆಸ್ಪತ್ರೇಲಿ ಇನ್ನೊಂದು ವ್ಯಾನಿದೆ. ಇದೇ ಕಾಯಿಲೆ. ಅದನ್ನೂ ತರಬಹುದಾ?”

ಮಗಳು ಕೈ ಒರೆಸುವುದನ್ನು ನಿಲ್ಲಿಸಿದಳು.

ಮೇಸ್ತ್ರಿ ನಿಧಾನಯ್ಯನನ್ನು, ಬುದ್ಧಿ ಇಲ್ಲದ ಪ್ರಶ್ನೆ ಕೇಳಿದವನನ್ನು ನೋಡುವ ಹಾಗೆ ನೋಡಿದರು. “ನನ್ನನ್ನ ಯಾಕಪ್ಪಾ ಕೇಳ್ತೀಯ? ಆಕ್ಸಲ್ ಕಟ್ಟೋರು ಅಲ್ಲಿ ನಿಂತಿದ್ದಾರೆ. ಅವರಿಗೆ ಯಾವತ್ತು ಬಿಡುವು ಅಂತ ನನಗೇನು ಗೊತ್ತು?”

ನಿಧಾನಯ್ಯ ಅವಳ ಕಡೆ ತಿರುಗಿದ. ಅಪ್ಪ ತನ್ನನ್ನು ‘ಅವರು’ ಎಂದದ್ದನ್ನು ಅವಳು ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದಳು.

“ಗುರುವಾರ ತನ್ನಿ ಅಣ್ಣ,” ಎಂದಳು. “ಗುಜರಿಯಲ್ಲಿ ಹಳೇ ಜೋಡಿ ಸಿಕ್ಕರೆ ಬಿಚ್ಚಿಸಬೇಡಿ. ನಾನೇ ಬಂದು ನೋಡಿ ಬಿಚ್ಚುತ್ತೀನಿ.”